ಮರಿ ಹೊಡೆದ ಮೇಲೆ

ತುಮಕೂರಿಗೆ ಹೋಗಿ ಒಂದು ಸಲ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಪರೀಕ್ಷೆ ಮಾಡಿಸಿಕೊಂಡು ಬರುವುದೆಂದರೆ ಪೂರ್ತಿ ಒಂದು ದಿನ ಹೋದಂತೆ. ಹಿಂದಿನ ಸಂಜೆಯಿಂದಲೇ ಭೇದಿ ಔಷಧಿ, ದೊಡ್ಡರಂಗಯ್ಯನ ಉಪವಾಸ, ಅವನ ಮುಖ ನೋಡಿಕೊಂಡು ಉಣ್ಣಲಾಗದ ವನಜಮ್ಮನದೂ ಉಪವಾಸ, ಹಾಲು ಕರೆಯಲು ಪಕ್ಕದ ಮನೆಯವರ ದಾಕ್ಷಿಣ್ಯ. ಮೇಲೆ, ಹೆಂಗಸರ ಎದುರು ಬಟ್ಟೆ ಸಡಿಲಿಸಿ ಮಗ್ಗುಲಾಗಿ ಮಲಗುವ ಅವನ ನಾಚಿಕೆ. ಆಪರೇಷನ್ ತಪ್ಪಿದ್ದಕ್ಕೆ ಇಷ್ಟು ತೆರಬೇಕಿತ್ತು. ವನಜಮ್ಮನ ಲೆಕ್ಕದಲ್ಲಿ ಅದು ಅಗ್ಗವೇ.

ಕರುಳಿನ ಕೊನೆಯಲ್ಲಿದ್ದ ಕ್ಯಾನ್ಸರ್ ಗೆಡ್ಡೆ ರೇಡಿಯೇಷನ್ನಿಗೂ ಕೀಮೋಗೂ ಕರಗಿಹೋಗಿತ್ತು. ಡಾಕ್ಟರ್ ನೇತ್ರಾವತಿ ಅವತ್ತೇ ಬಿಡಿಸಿ ಹೇಳಿದ್ದರು: "ಈಗ ಕಾಣ್ತಿಲ್ಲ, ಅದಕ್ಕೆ ಕೊಯ್ಯೋದು ಬೇಡ. ಮಲ ಹೋಗೋಕೆ ಹೊಟ್ಟೆಗೆ ಚೀಲ ಹಾಕೋದೂ ಬೇಡ. ಆದ್ರೆ ಕಾಣ್ತಿಲ್ಲ ಅಂದ್ರೆ ಹೋಗಿದೆ ಅಂತಲ್ಲಮ್ಮ. ಮೂರು ತಿಂಗಳಿಗೊಮ್ಮೆ ಬಂದು ತೋರಿಸ್ಲೇಬೇಕು."

ಕಾಯಿಲೆ ಗೊತ್ತಾದಾಗ, ವಾಸಿಯಾದರೆ ಮನೆದೇವರಾದ ಅಮ್ಮನಿಗೆ ಒಪ್ಪಿಸುತ್ತೇವೆಂದು ಹರಕೆ ಹೊತ್ತು ಒಂದು ಟಗರು ಮರಿ ತಂದು ಕಟ್ಟಿದ್ದರು. ನೆಂಟರು ಕೇಳಿದಾಗಲೆಲ್ಲ ವನಜಮ್ಮ, "ಇನ್ನೂ ಪೂರ್ತಿ ವಾಸಿ ಆಗಿಲ್ಲ" ಎಂದು ಮುಂದೂಡುತ್ತಿದ್ದಳು. ಮರಿ ಕೊಟ್ಟಿಗೆಯಲ್ಲಿ ಇರುವವರೆಗೂ ಗಂಡ ತಪಾಸಣೆಗೆ ಬಸ್ಸು ಹತ್ತುತ್ತಾನೆ ಎಂಬುದು ಅವಳಿಗೆ ಗೊತ್ತಿತ್ತು.

ವನಜಮ್ಮ ಹುಲಿಯೂರುದುರ್ಗದಲ್ಲಿ ತನ್ನ ತಂಗಿಯ ಸೊಸೆಯ ಸೀಮಂತ ಮುಗಿಸಿಕೊಂಡು ತಮ್ಮೂರು ಅಮೃತೂರಿಗೆ ವಾಪಸು ಬಂದಾಗ ಬಾಗಿಲಲ್ಲಿ ಎಂಜಲೆಲೆಯ ರಾಶಿ ಬಿದ್ದಿತ್ತು. ಮೈದುನ ತಿಮ್ಮೇಶ್ ಹಂಡೆ ಬೆಳಗುತ್ತಿದ್ದ.

"ಬನ್ನಿ ಅತ್ತಿಗೆ, ನಿಮ್ಗೆ ಅಂತ್ಲೇ ಒಂದ್ ಬಟ್ಲು ಎತ್ತಿಟ್ಟಿವ್ನಿ."

"ಯಾರ್ನ ಕೇಳಿ ಮರಿ ಹೊಡುದ್ರಿ?"

"ಅಣ್ಣನ್ನೇ ಕೇಳ್ದೆ. ಇನ್ನೆಷ್ಟು ದಿನ ಮೇಯಿಸ್ತಿದ್ರಿ? ಅದುಕ್ಕೂ ಪೆನ್ಷನ್ ಮಾಡಿಸ್ಬೇಕು ಅಂತಿದ್ರಾ?"

ಎಲೆಅಡಿಕೆ ಹಾಕುತ್ತ ಕೂತವರು ನಕ್ಕರು. ದೊಡ್ಡರಂಗಯ್ಯ ಜಗುಲಿಯ ಮೇಲೆ ಹೊಸ ಪಂಚೆ ಉಟ್ಟು ಕೂತಿದ್ದ.

"ಹರಕೆ ತೀರ್ತು ಕಣೇ."

"ಸೋಮವಾರ ತುಮಕೂರಿಗೆ ಹೋಗ್ಬೇಕಲ್ಲ?"

"ಯಾಕೆ? ವಾಸಿ ಆಯ್ತು ಅಂತ ನನ್ ಬಾಯಲ್ಲೇ ಹೇಳಿ ಮಂಗಳಾರತಿ ತಕಂಡಿವ್ನಿ. ಮತ್ತೆ ಹೋಗಿ ತೋರಿಸ್ಕಂಡ್ರೆ ಅಮ್ಮನ್ನ ನಂಬ್ನಿಲ್ಲ ಅಂತ ಆಯ್ತದೆ."

"ಅಮ್ಮ ಏನಾರ ಕ್ಯಾಮೆರಾ ಬ್ಯಾಡ ಅಂದ್ಲಾ?"

"ಬುಡು ಅತ್ಲಾಗೆ. ಒಳಿಕ್ ಹೋಗಿ ಉಣ್ಣು."

ಅವಳು ಒಳಗೆ ಹೋಗಿ ಉಂಡಳು. ಉಪ್ಪು ಖಾರ ಏನೂ ತಿಳಿಯಲಿಲ್ಲ.

ಸೋಮವಾರ ಬಂತು, ಹೋಯಿತು. ಅದರ ಮುಂದಿನ ತಪಾಸಣೆಯ ದಿನವೂ ಹೋಯಿತು. ಹೇಳಿ ಹೇಳಿ ಅವಳ ಬಾಯಿ ಸುಮ್ಮನಾಯಿತು. ಯಾವತ್ತೂ ತನ್ನ ಬಟ್ಟೆ ತಾನು ಒಗೆಯದ ಗಂಡ, ಒಂದು ಬೆಳಿಗ್ಗೆ ಬೋರ್‌ವೆಲ್ ಹತ್ತಿರ ಕುಕ್ಕರಗಾಲಲ್ಲಿ ಕೂತು ಚಡ್ಡಿ ಉಜ್ಜುತ್ತಿದ್ದ. ನೀರು ಕೆಂಪಗೆ ಹರಿಯಿತು. ಅವಳು ಒಳಗೆ ಬಂದು ಆಸ್ಪತ್ರೆಯ ಫೈಲು ತೆಗೆದಿಟ್ಟಳು. ಅವನು ಅಂಗಿ ಹಾಕಿಕೊಂಡ.

ಪರೀಕ್ಷೆಯೂ ಸ್ಕ್ಯಾನೂ ಮುಗಿದ ಮೇಲೆ ನೇತ್ರಾವತಿ ಕನ್ನಡಕ ತೆಗೆದರು.

"ಮತ್ತೆ ಬೆಳೆದಿದೆ. ಬೇರೆ ಕಡೆ ಹರಡಿಲ್ಲ, ಆಪರೇಷನ್ ಮಾಡಬಹುದು. ಆದ್ರೆ ಚೀಲ ತಪ್ಪಲ್ಲ. ಹೇಳಿದ ಟೈಮಿಗೆ ಬಂದಿದ್ರೆ ಚಿಕ್ಕದ್ರಲ್ಲೇ ಮುಗೀತಿತ್ತೋ ಏನೋ. ಯಾಕೆ ಬರ್ಲಿಲ್ಲ?"

"ಅದು, ಮರಿ..." ಎಂದು ದೊಡ್ಡರಂಗಯ್ಯ ತಡವರಿಸಿದ.

"ತೋಟದಲ್ಲಿ ಕೆಲ್ಸ ಜಾಸ್ತಿ ಇತ್ತು ಮೇಡಂ," ಎಂದಳು ವನಜಮ್ಮ. "ನಾನೇ ಹೊರಡುಸ್ನಿಲ್ಲ."

ಅವನು ಬಗ್ಗಿ ಫೈಲಿನ ಹಾಳೆಗಳನ್ನು ಜೋಡಿಸತೊಡಗಿದ.

ಆಪರೇಷನ್ ಆಗಿ ಊರಿಗೆ ಬಂದ ಮೇಲೆ ಚೀಲ ಬದಲಿಸುವುದನ್ನು ಅವಳೇ ಕಲಿತಳು. ಅವನು ಅಂಗಿಯ ಅಂಚನ್ನು ಹಲ್ಲಲ್ಲಿ ಕಚ್ಚಿ ಗೋಡೆಯ ಕಡೆ ನೋಡುತ್ತ ಕೂರುತ್ತಿದ್ದ. ಅವಳು ಬೆಚ್ಚನೆ ನೀರಲ್ಲಿ ಒರೆಸಿ, ಹೊಸದನ್ನು ಹೊಟ್ಟೆಯ ಎಡಕ್ಕೆ ಅಂಟಿಸಿ, ಕಾವು ಹತ್ತಿ ಅಂಟು ಹಿಡಿಯುವವರೆಗೂ ಅಂಗೈ ಒತ್ತಿಕೊಂಡಿರುತ್ತಿದ್ದಳು. ಮಲದ್ವಾರವನ್ನು ಹೊಲಿದು ಮುಚ್ಚಿದ್ದರು, ಚೀಲ ಇನ್ನು ಯಾವತ್ತಿಗೂ ಇರುವಂಥದ್ದು. ಜೀವ ಉಳಿದಿತ್ತು.