ದಿನಕ್ಕೆ ಸೊನ್ನೆ ಗಂಟೆ

ನಮ್ಮ ಅರ್ಥಶಾಸ್ತ್ರ ವಿಭಾಗಕ್ಕೆ ಐವತ್ತು ತುಂಬಿದ ನೆನಪಿನ ಸಂಪುಟದಲ್ಲಿ ಮೊದಲಿಗೆ ಅಚ್ಚಾಗಬೇಕಿದ್ದುದು ನನ್ನ ಲೇಖನ. ಮೊಳಕಾಲ್ಮೂರಿನ ರೇಷ್ಮೆ ನೇಕಾರ ಕುಟುಂಬಗಳ ದುಡಿಮೆಯನ್ನು ಕುರಿತ, ಮೂವತ್ತೆಂಟು ವರ್ಷಗಳ ಹಿಂದಿನ ಅಧ್ಯಯನ ಅದು. ನನಗೆ ಚಿನ್ನದ ಪದಕವನ್ನೂ ಪ್ರಾಧ್ಯಾಪಕನ ಕುರ್ಚಿಯನ್ನೂ ತಂದುಕೊಟ್ಟಿತ್ತು. ಆ ಊರಿನ ಹೆಂಗಸರಲ್ಲಿ ದುಡಿಯುವವರು ನೂರಕ್ಕೆ ಹನ್ನೊಂದು ಮಂದಿ ಮಾತ್ರ ಎಂಬ ಅದರ ವಾಕ್ಯವನ್ನು ಎಷ್ಟೋ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಬರೆದು ಪಾಸಾದರು.

ಕಳೆದ ತಿಂಗಳು ವಿಭಾಗದ ಈಗಿನ ಮುಖ್ಯಸ್ಥೆ, ನನ್ನ ಹಳೆಯ ವಿದ್ಯಾರ್ಥಿನಿ ತ್ರಿವೇಣಿ, ಚಳ್ಳಕೆರೆಯ ನನ್ನ ಮನೆಗೆ ಬಂದಳು. ಕೈಯಲ್ಲಿ ಆ ಸಮೀಕ್ಷೆಯ ಹಾಳೆಗಳ ಕಟ್ಟು.

“ಅಚ್ಚಿಗೆ ಕೊಡೋ ಮುಂಚೆ ಇದನ್ನೊಂದು ಸಲ ನೋಡ್ರಿ ಸರ್.”

ಹಾಳೆಯಲ್ಲಿದ್ದುದು ನನ್ನದೇ ಅಕ್ಷರ. ಯಜಮಾನ: ದೊಡ್ಡಪಾಲಯ್ಯ. ಹೆಂಡತಿ: ರಂಗಕ್ಕ. ಆಕೆಯ ಉದ್ಯೋಗ: ಇಲ್ಲ. ದುಡಿಮೆ: ದಿನಕ್ಕೆ ಸೊನ್ನೆ ಗಂಟೆ. ಅಂಚಿನಲ್ಲಿ ಪೆನ್ಸಿಲಿನ ಟಿಪ್ಪಣಿ: ‘ರಾಟೆಯ ಸದ್ದಿಗೆ ಉತ್ತರ ಕೇಳಿಸುತ್ತಿಲ್ಲ, ನಿಲ್ಲಿಸಲು ಹೇಳಿದೆ.’

ಗಂಡನ ಮಗ್ಗದ ಲಾಳಿಯೊಳಗೆ ಕೂರುವ ಪುಟ್ಟ ಕೊಳವೆಗಳಿಗೆ, ಅಂದರೆ ಕಂಡಿಕೆಗಳಿಗೆ, ರಾಟೆಯಲ್ಲಿ ನೂಲು ಸುತ್ತುತ್ತಲೇ ಆಕೆ ಉತ್ತರ ಕೊಡುತ್ತಿದ್ದರು. ಅದು ಕೆಲಸವೆಂದು ನನಗೆ ಹೊಳೆಯಲೇ ಇಲ್ಲ. ಕವಿತೆಯ ಹುಚ್ಚಿನಲ್ಲಿ ಒಂದು ಸಾಲಿನ ಮೌನಕ್ಕೂ ಇಡೀ ಸಂಜೆ ಕಿವಿಗೊಡುತ್ತಿದ್ದ ನನಗೆ ಆ ರಾಟೆಯ ಸದ್ದು ಬರೀ ಗದ್ದಲವಾಗಿತ್ತು! ಕಟ್ಟಿನ ಉಳಿದ ಬಹುಪಾಲು ಹಾಳೆಗಳಲ್ಲೂ ಅದೇ ಸೊನ್ನೆ.

“ಲೇಖನವನ್ನೇ ಕೈಬಿಡಮ್ಮ,” ಎಂದೆ.

“ಕೈಬಿಟ್ರೆ ಯಾರಿಗೂ ಗೊತ್ತಾಗಲ್ಲ ಸರ್. ಪಾಠದಾಗೆ ಆ ಹನ್ನೊಂದು ಹಂಗೇ ಉಳಿತೈತೆ. ನೀವೇ ಒಂದು ಮಾತು ಬರ್ಕೊಡ್ರಿ, ಲೇಖನದ ಮೇಲೇ ಹಾಕ್ತೀನಿ.”

ತ್ಯಾಗವೆಂದು ನಾನು ನಂಬಿದ್ದು ತಲೆಮರೆಸಿಕೊಳ್ಳುವ ಉಪಾಯವೆಂಬುದು ಅವಳಿಗೆ ತಿಳಿದುಹೋಗಿತ್ತು. ವಾರವಿಡೀ ತಿದ್ದಿ ಒಂದು ಪುಟ ಬರೆದೆ. ರಂಗಕ್ಕನಿಗೆ ಓದಿ ಹೇಳದೆ ಅಚ್ಚಿಗೆ ಕೊಡುವುದು ತರವಲ್ಲವೆನಿಸಿ, ತ್ರಿವೇಣಿಯೊಂದಿಗೆ ಮೊಳಕಾಲ್ಮೂರಿಗೆ ಹೋದೆ.

“ಬರ್ರಿ, ಕುಂತ್ಕಳ್ರಿ,” ಎಂದರು ಎಪ್ಪತ್ತು ದಾಟಿದ ರಂಗಕ್ಕ. ನಾನು ಯಾರೆಂದು ಹೇಳಿದೊಡನೆ ನಕ್ಕರು. “ಓ, ರಾಟೆ ನಿಲ್ಸಿದ ಮೇಷ್ಟ್ರು! ಅವತ್ತು ನಿಮ್ ದೆಸೆಯಿಂದ ಕಂಡಿಕೆ ಸಾಲ್ದೆ ಮಗ್ಗ ನಿಂತೋಯ್ತು. ಸಂಜೆಗಂಟ ಬೈದ್ರು ನಮ್ ಯಜಮಾನ್ರು.”

ನನ್ನ ಇಡೀ ಅಧ್ಯಯನದಲ್ಲಿ ಇಲ್ಲದ ಅರ್ಥಶಾಸ್ತ್ರ ಆ ಬೈಗುಳದಲ್ಲಿತ್ತು.

“ನನ್ ಬಗ್ಗೆ ಏನ್ ಬರ್ಕೊಂಡ್ ಹೋದ್ರಿ ಸ್ವಾಮಿ?”

“ಕೆಲಸ ಏನೂ ಇಲ್ಲ ಅಂತ.”

ರಂಗಕ್ಕ ಸೊಸೆಯ ಕಡೆ ತಿರುಗಿದರು. “ಕೇಳಿದ್ಯೇನೇ ಪ್ರೇಮಲತಾ? ನಾನು ಬರೀ ಕುಂತು ಉಂಡೋಳಂತೆ!”

ಸೊಸೆ ಬಾಯಿಗೆ ಸೆರಗಿಟ್ಟುಕೊಂಡಳು. ನಾನು ಬರೆದು ತಂದಿದ್ದ ಪುಟವನ್ನು ಜೇಬಿನಿಂದ ತೆಗೆದೆ.

“ಈಗೇನ್ ಬರ್ದೀರಿ? ಓದ್ರಿ.”

ಓದಿದೆ: ‘ಅಂದಿನ ಸಮೀಕ್ಷಾ ಪದ್ಧತಿಯ ಮಿತಿಯಿಂದಾಗಿ ಮಹಿಳೆಯರ ದುಡಿಮೆಯು ದಾಖಲಾಗದೆ ಉಳಿದಿರಬಹುದಾದ ಸಾಧ್ಯತೆಯನ್ನು...’

“ತಡೀರಿ. ಪದ್ಧತಿ ಅಂದ್ರೆ ಯಾರು? ನಮ್ಮನೇಗೆ ಬಂದಿದ್ದು ನೀವೊಬ್ರೇ ಅಲ್ವಾ?”

ಆ ಪುಟವನ್ನು ಅಡ್ಡಗೆರೆಯೆಳೆದು ಹೊಡೆದುಹಾಕಿ, ಹಿಂಬದಿಯಲ್ಲಿ ಬರೆದೆ: ‘ನಾನು ಆಕೆಯ ಕೆಲಸವನ್ನು ನಿಲ್ಲಿಸಿ, ಆಕೆಗೆ ಕೆಲಸವಿಲ್ಲವೆಂದು ಬರೆದೆ.’ ಅದನ್ನೂ ಓದಿ ಹೇಳಿದೆ.

“ಹ್ಞೂಂ, ಇದು ನಂಗೂ ತಿಳೀತೈತೆ,” ಎಂದರು ರಂಗಕ್ಕ. “ದಿನದ ದುಡಿಮೆ ಗಂಟೆನೂ ಹಾಕ್ಕಳ್ರಿ. ಹತ್ತು. ಅಡಿಗೆ ಬಿಟ್ಟು.”