ಸೊಟ್ಟ ಮೂತಿಯ ಕ್ವಾರ್ಟ್ಜ್ ಪಾತ್ರೆ

ಸೋದರಮಾವನ ಕೈಯಿಂದ ಸೊಟ್ಟ ಪಾತ್ರೆ ಹೊರಬಂದದ್ದನ್ನು ಆ ಸಂಶೋಧನಾಲಯದಲ್ಲಿ ಯಾರೂ ಕಂಡವರಿಲ್ಲ. ಗಾಜು ಊದುವುದು ಅವನ ಕಸುಬು. ಕೂದಲೆಳೆಯಷ್ಟು ವಾರೆಯಾದರೂ ಸಾಕು, ತಾನೇ ಒಡೆದು ಬುಟ್ಟಿಗೆ ಹಾಕುತ್ತಿದ್ದ. ಮನಸ್ಸಿಗೆ ಒಪ್ಪಿದ್ದರ ತಳಕ್ಕೆ ಮಾತ್ರ ಒಂದು ಪುಟ್ಟ ನಕ್ಷತ್ರ ಗೀಚುತ್ತಿದ್ದ. ಅಕ್ಕನ ಮಗಳು ಅದೇ ಕಟ್ಟಡದ ಮೇಲಿನ ಮಹಡಿಗೆ ವಿಜ್ಞಾನಿಯಾಗಿ ಬಂದ ದಿನ ಅವನ ಕಾಲು ನೆಲದ ಮೇಲೆ ನಿಂತಿರಲಿಲ್ಲ.

ಅವಳ ಕೆಲಸ ಒಂದು ಕರಿಯ ಪುಡಿ ಮಾಡುವುದು. ಪೆನ್ಸಿಲ್ಲಿನ ಸೀಸವನ್ನು ಒಂದೊಂದೇ ಪದರವಾಗಿ ಬಿಡಿಸಿದಂಥ ಗ್ರಾಫೀನ್, ಅದರ ಮೈಮೇಲೆ ಪ್ಲಾಟಿನಂ ಕಣಗಳು. ಜಲಜನಕದಿಂದ ವಿದ್ಯುತ್ ಹುಟ್ಟಿಸುವ ಇಂಧನಕೋಶಕ್ಕೆ ಅದು ಬೇಕು. ಬೇರೆಯವರು ಕುದಿಸಿ, ಘಾಟು ರಾಸಾಯನಿಕ ಸುರಿದು ಮಾಡುವುದನ್ನು ಇವಳು ಬರೀ ಬೆಳಕಿನಲ್ಲಿ ಮಾಡುತ್ತಿದ್ದಳು. ಕಚ್ಚಾ ಪುಡಿ ಕಲಸಿದ ಕಂದು ನೀರನ್ನು ನೇರಳಾತೀತ ದೀಪದ ಮುಂದಿಟ್ಟರೆ ಗಂಟೆಯೊಳಗೆ ಕಪ್ಪಾಗಬೇಕು.

ಆ ನೀರಿಡುವ ಹಳೆಯ ಪಾತ್ರೆ, ಬೆಣಚುಕಲ್ಲು ಅಂದರೆ ಕ್ವಾರ್ಟ್ಜ್ ಕರಗಿಸಿ ಮಾವ ಊದಿದ್ದು, ಅವಳ ಮೊಣಕೈ ತಗುಲಿ ಒಡೆದಿತ್ತು. ಮಾವ ಎರಡೇ ದಿನದಲ್ಲಿ ಹೊಸದು ಕೊಟ್ಟ. ಅಂದಿನಿಂದ ಕಂದು ನೀರು ಕಂದಾಗಿಯೇ ಕುಳಿತಿತ್ತು. ಸೋಮವಾರ ಪರಿಶೀಲನೆಗೆ ಬರುವವರ ಮುಂದೆ ಆ ಪುಡಿಯ ಬಲದಿಂದ ಪುಟ್ಟ ಫ್ಯಾನ್ ತಿರುಗದಿದ್ದರೆ ಯೋಜನೆಗೆ ಬೀಗ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಅವಳು ದೀಪವನ್ನು ಬೈದಳು, ಪುಡಿ ಬದಲಿಸಿದಳು. ಶುಕ್ರವಾರ ಬೆಳಿಗ್ಗೆ ಕೊನೆಗೆ, ನೇರಳಾತೀತ ಬೆಳಕು ಬಿದ್ದರೆ ಹೊಳೆಯುವ ಚೀಟಿಯೊಂದನ್ನು ಒಡೆದ ಪಾತ್ರೆಯ ಚೂರಿನ ಹಿಂದೆ ಹಿಡಿದಳು. ಹೊಳೆಯಿತು. ಹೊಸ ಪಾತ್ರೆಯ ಹಿಂದೆ ಹಿಡಿದಳು. ಕತ್ತಲು.

ಪಾತ್ರೆ ಮಗುಚಿ ನೋಡಿದಳು. ತಳದಲ್ಲಿ ನಕ್ಷತ್ರವಿರಲಿಲ್ಲ.

ಅವಳು ಕೆಳಗೆ ಮಾವನ ಕೋಣೆಗೆ ಇಳಿದು ಹೋದಳು. ಅವಳ ಕೈಯಲ್ಲಿದ್ದ ಪಾತ್ರೆ ನೋಡಿ ಅವನೇ ಶುರುಮಾಡಿದ.

"ಗೊತ್ತಾಯ್ತಾ? ಕಣ್ಣಿನ ಆಪರೇಷನ್ ಆದ್ಮೇಲೆ ಆ ಬೆಳ್ಳಗಿನ ಉರಿ ನೋಡಲೇಬಾರದು ಅಂದಿದಾರೆ ಡಾಕ್ಟ್ರು. ಕ್ವಾರ್ಟ್ಜ್ ಕರಗೋದು ಆ ಉರೀಲಿ ಮಾತ್ರ. ನಿನ್ನ ನೀರು ಹೇಗೂ ತಣ್ಣಗಿರುತ್ತಲ್ಲ, ಕ್ವಾರ್ಟ್ಜ್ ಬೇಕಾಗೋದು ಬಿಸಿಗೆ ತಾನೇ ಅಂತ ಮಾಮೂಲಿ ಗಾಜಲ್ಲೇ ಮಾಡ್ಬಿಟ್ಟೆ."

"ಬಿಸಿಗಲ್ಲ ಮಾವ, ಬೆಳಕಿಗೆ. ಈ ಬೆಳಕನ್ನ ಮಾಮೂಲಿ ಗಾಜು ಒಳಗೇ ಬಿಡಲ್ಲ."

"ಅದನ್ನ ಮೊದಲೇ ಹೇಳೋಕೆ ನಿಂಗೇನಾಗಿತ್ತು?"

ಅವಳಿಗೆ ನಾಚಿಕೆಯಾಯಿತು. ನಾಲ್ಕು ವರ್ಷ ದಿನಾ ಅವನ ಡಬ್ಬಿಯಲ್ಲಿ ಕೈಹಾಕಿ ಉಂಡವಳು, ಅವನು ಮಾಡಿಕೊಟ್ಟದ್ದು ಯಾಕೆ ಬೇಕು ಎಂದು ಒಮ್ಮೆಯೂ ಹೇಳಿರಲಿಲ್ಲ.

"ತಪ್ಪು ನಂದೇ ಮಾವ. ಈಗ ಹೇಳಿಕೊಡು, ನಾನೇ ಊದ್ತೀನಿ."

"ನೀನಾ! ಬಲೂನು ಊದಿದ್ರೂ ಒಡೀತಿದ್ದೆಯಲ್ಲೇ!" ಅಂದ ಮಾವ. ಆದರೂ ತನ್ನ ಕಪ್ಪು ಕನ್ನಡಕ ತೆಗೆದು ಅವಳ ಮೂಗಿಗೇರಿಸಿದ.

ಉರಿಗೆ ಬೆನ್ನು ಹಾಕಿ ಕುಳಿತು, ಬರೀ ಸದ್ದು ಕೇಳಿಸಿಕೊಂಡು ಹೇಳುತ್ತಾ ಹೋದ. "ಉರಿ ಬುಸುಗುಡ್ತಿದೆ, ತಗ್ಗಿಸು. ತಿರುಗಿಸ್ತಾ ಇರು, ನಿಲ್ಲಿಸಬೇಡ. ಮಗು ಕಣ್ಣಿಗೆ ಕಸ ಬಿದ್ರೆ ಹೇಗೆ ಊದ್ತೀಯ, ಹಾಗೆ ಊದು." ಎರಡು ಒಡೆದವು. ಮೂರನೆಯದು ಉಳಿಯಿತು. ಮೂತಿ ಮಾತ್ರ ಸೊಟ್ಟ, ಹೊಟ್ಟೆ ಒಂದು ಕಡೆ ವಾಲಿತ್ತು. ಅವನು ಹೇಳುವ ಮೊದಲೇ ಅವಳು ಅದನ್ನು ಬುಟ್ಟಿಯ ಕಡೆಗೆ ಒಯ್ದಳು.

"ಏಯ್, ಕೊಡಿಲ್ಲಿ," ಎಂದು ಮಾವ ಅದನ್ನು ಕಸಿದುಕೊಂಡ. ಬೆರಳಿನಿಂದ ಸುತ್ತಲೂ ಸವರಿ ನಕ್ಕ. "ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ನೀನೇನೇ ಬಿಸಾಕೋಕೆ ಹೊರಟಿದೀಯ? ಅಂಚು ಉಜ್ಜಿ ಸಂಜೆ ಕೊಡ್ತೀನಿ, ಹೋಗು."

ಶನಿವಾರ ಮುಕ್ಕಾಲು ಗಂಟೆಯಲ್ಲಿ ನೀರು ಕಾಡಿಗೆಯಾಯಿತು.

ಸೋಮವಾರ ಬಂದವರ ಮುಂದೆ ಫ್ಯಾನ್ ಒಂದೆರಡು ಸಲ ತಡವರಿಸಿ ಗಿರ್ರನೆ ತಿರುಗಿತು. ಬಂದವರಲ್ಲಿ ಹಿರಿಯರು ಸಂತೋಷದಿಂದ ತಲೆದೂಗಿದರು. ಆಮೇಲೆ ಮೇಜಿನ ಮೇಲಿದ್ದ ಖಾಲಿ ಪಾತ್ರೆ ಕಂಡು ನಗು ತಡೆಯಲಾರದೆ ಕೇಳಿದರು.

"ಇದನ್ನ ಮಾಡಿದ್ದು ಯಾರಪ್ಪಾ? ಮೂತಿ ಹೀಗಿದೆ!"

ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಬಾಗಿಲ ಬಳಿ ನಿಂತಿದ್ದ ಮಾವ ಮುಂದೆ ಬಂದ.

"ನಾನೇ ಸ್ವಾಮಿ," ಎಂದು ಪಾತ್ರೆಯನ್ನು ಮಗುಚಿ, ತಳ ಕಾಣುವ ಹಾಗೆ ಹಿಡಿದ. ಅಲ್ಲಿ ನಕ್ಷತ್ರವಿತ್ತು.