ಅಪ್ಪನಿಗೆ ಬರುತ್ತಿದ್ದ ವಾಸನೆ

ನೀರಿನ ಮೇಲೆ ಬಣ್ಣ, ನೇರಳೆ, ಹಸಿರು, ಅಂಚಿನಲ್ಲಿ ಒಂದೆಳೆ ಚಿನ್ನ — ಪರೀಕ್ಷೆಗೆಂದು ಡ್ರಮ್ಮಿನಲ್ಲಿ ಕಾಲು ಮುಳುಗಿಸಿ ನಿಂತ ದೋಣಿ ಎಂಜಿನ್ನಿನ ಬುಡದಿಂದ ಎದ್ದು ಬಂದು ಅರಳುತ್ತಿದೆ, ಇಷ್ಟು ವರ್ಷ ನೋಡಿಯೂ ಅವಳಿಗೆ ಸಾಕಾಗಿಲ್ಲ, ಒಂದು ತೊಟ್ಟು ಎಣ್ಣೆ ಇಡೀ ಡ್ರಮ್ಮನ್ನು ತನ್ನದು ಮಾಡಿಕೊಳ್ಳುತ್ತದಲ್ಲ, ಇಷ್ಟು ತೆಳ್ಳಗಾಗುವುದನ್ನು ಎಲ್ಲಿ ಕಲಿಯಿತೋ, ಆದರೆ ಇದಲ್ಲ, ಅಪ್ಪ ಹೇಳುತ್ತಿರುವುದು ಇದನ್ನಲ್ಲ, ಇದು ಉರಿಯದೆ ಉಳಿದ ಎಣ್ಣೆ, ಹೊಗೆಯ ಜೊತೆ ನೀರೊಳಗೆ ತಿರುಗುವ ಫ್ಯಾನಿನ ನಡುವಿಂದ ಹೊರಬಂದದ್ದು, ಪೆಟ್ರೋಲಿಗೆ ಎಣ್ಣೆ ಬೆರೆಸಿ ಕುಡಿಯುವ ಹಳೆಯ ದೋಣಿ ಎಂಜಿನ್‌ಗಳೆಲ್ಲ ಹೀಗೆ ಒಂದಿಷ್ಟು ಜೊಲ್ಲು ಸುರಿಸುತ್ತವೆ, ಗೊತ್ತಿಲ್ಲದವರು ಸೀಲ್ ಹೋಯಿತೆಂದು ಎದೆ ಬಡಿದುಕೊಳ್ಳುತ್ತಾರೆ. ಸೀಲ್ ಹೋಗಿಲ್ಲ, ಬೆಳಿಗ್ಗೆಯೇ ಕೆಳಗಿನ ತಿರುಪು ಬಿಚ್ಚಿ ಗೇರ್ ಬಾಕ್ಸಿನ ಎಣ್ಣೆಯನ್ನು ಬೆರಳಿಗೆ ಹಚ್ಚಿ ನೋಡಿದ್ದಾಳೆ, ನೀರು ಸೇರಿದ್ದರೆ ಹಾಲಿನ ಹಾಗೆ ಬೆಳ್ಳಗಾಗುತ್ತಿತ್ತು, ಇದು ಜೇನಿನಷ್ಟು ತಿಳಿ. ಅಪ್ಪ ಹೇಳುತ್ತಿರುವುದು ಪೆಟ್ರೋಲ್. ಪೆಟ್ರೋಲ್ ವಾಸನೆ ಬರ್ತಿದೆ ಪುಟ್ಟಿ, ದೋಣಿ ತುಂಬಾ. ಬೇರೆ ಯಾರಿಗೂ ಬರುವುದಿಲ್ಲ, ಅವನೊಬ್ಬನಿಗೇ ಬರುತ್ತದೆ.

ಅವಳ ರಿಪೇರಿ ಶೆಡ್ಡಿನ ಬಾಗಿಲಲ್ಲಿ ಬೋರಲು ಹಾಕಿದ ಮೀನಿನ ಪೆಟ್ಟಿಗೆಯ ಮೇಲೆ ಕೂತಿದ್ದಾನೆ ಅಪ್ಪ, ಬೆಳಕು ಬೆನ್ನಿಗೆ, ಎಡಗೈ ಮಣಿಕಟ್ಟಿನಲ್ಲಿ ಕೆಂಪು ಹುರಿ — ಇನ್ನೊಂದು ತುದಿ ಎಂಜಿನ್ನಿನ ಸ್ವಿಚ್ಚಿಗೆ ಸಿಕ್ಕಿಸುವಂಥದು, ದೋಣಿಯವನು ಆಯತಪ್ಪಿ ನೀರಿಗೆ ಬಿದ್ದರೆ ಆ ಹುರಿ ಕಿತ್ತು ಬಂದು ಎಂಜಿನ್ ತಾನೇ ನಿಲ್ಲುತ್ತದೆ, ಉಳಿದವರು ದಡ ಸೇರಿದ ಕೂಡಲೇ ಬಿಚ್ಚಿ ಜೇಬಿಗೆ ಹಾಕುತ್ತಾರೆ, ಅಪ್ಪ ಮಲಗುವಾಗಲೂ ಬಿಚ್ಚುವವನಲ್ಲ, ಮಂಚದಿಂದ ಬಿದ್ರೆ ಗೊರಕೆ ನಿಲ್ಲಲಿ ಅಂತ ಕಟ್ಕೊಂಡಿದೀರಾ ಎಂದು ಅಮ್ಮ ರೇಗಿಸುತ್ತಿದ್ದಳು, ಅವನು ನಗುತ್ತಿದ್ದ, ಈಗ ಆ ಹುರಿಯನ್ನೇ ಬೆರಳಲ್ಲಿ ತಿರುವುತ್ತ ಕೂತಿದ್ದಾನೆ. ಇವತ್ತು ಬಿಚ್ಚಬೇಕಾಗಬಹುದು. ಎರಡು ಸಲ ನೋಡಾಯ್ತು, ಮೂರನೇ ಸಲಾನೂ ಏನೂ ಸಿಗದಿದ್ರೆ ದೋಣಿ ಬಿಟ್ಟುಬಿಡಪ್ಪ, ಅಂದಿದ್ದಾನೆ ಅಣ್ಣ, ಅಪ್ಪ ಆಗಲಿ ಅಂದಿದ್ದಾನೆ, ಅಣ್ಣ ಕೆಟ್ಟವನಲ್ಲ, ಹೆದರಿದ್ದಾನೆ ಅಷ್ಟೆ, ಮೊನ್ನೆ ನಡುನೀರಿನಲ್ಲಿ ಸಿಗರೇಟು ಹಚ್ಚಲು ಹೋದ ಒಬ್ಬ ಪ್ರಯಾಣಿಕನ ಕೈಯಿಂದ ಅಪ್ಪ ಲೈಟರ್ ಕಿತ್ತು ನೀರಿಗೆ ಎಸೆದನಂತೆ, ಆತ ದಡದಲ್ಲಿ ನಿಂತು ಮುದುಕನಿಗೆ ತಲೆ ಕೆಟ್ಟಿದೆ ಎಂದು ಕೂಗಾಡಿದನಂತೆ, ಅದು ಬಾಯಿಂದ ಬಾಯಿಗೆ ಹೋಗಿ ಸಂಜೆಯೊಳಗೆ ಅಣ್ಣನ ಕಿವಿಗೂ ಬಿತ್ತು. ಹೆಂಡತಿ ಹೋದ ದುಃಖ, ಮೂಗಿಗೆ ಏನೇನೋ ಬರುತ್ತದೆ ಎನ್ನುತ್ತಾರೆ ಎಲ್ಲರೂ, ಮುಖದ ಮುಂದೆ ಅನ್ನದಿದ್ದರೂ ಅವಳೂ ಒಳಗೊಳಗೇ ಅಂದುಕೊಂಡಿದ್ದಾಳೆ, ಏಕೆಂದರೆ ಶುರುವಾದದ್ದು ಅಮ್ಮ ಹೋದ ಮೇಲೆಯೇ, ಆ ಕೊನೆಯ ದಿನ ಆಸ್ಪತ್ರೆಯಲ್ಲಿ ಅಮ್ಮನ ಮಂಚದ ಈ ಕಡೆ ಅಪ್ಪ ಆ ಕಡೆ ಅವಳು, ಇಬ್ಬರೂ ಅಮ್ಮನ ಮುಖ ನೋಡಲಾರದೆ ಮೇಲೆ ತೂಗುಹಾಕಿದ ಸಲೈನ್ ಬಾಟಲಿಯನ್ನೇ ನೋಡುತ್ತಿದ್ದರು, ಹನಿ ಹುಟ್ಟುತ್ತದೆ, ತುಂಬಿಕೊಳ್ಳುತ್ತದೆ, ಬೀಳುತ್ತದೆ, ನರ್ಸ್ ಬಂದು ಪೈಪಿನ ಪುಟ್ಟ ಚಕ್ರ ತಿರುಗಿಸಿದಳು, ಕೊನೆಯ ಹನಿ ಅಲ್ಲೇ ನಿಂತಿತು, ತುಂಬಿಕೊಂಡು, ಬೀಳದೆ.

ಪೌಡರ್. ಅಮ್ಮನ ಡಬ್ಬಿಯಲ್ಲಿ ಉಳಿದದ್ದೇ ಇದು, ಮನೆಯಲ್ಲಿ ಬೇರೆ ಯಾರೂ ಹಚ್ಚಿಕೊಳ್ಳುವವರಿಲ್ಲ, ಅವಳು ಎಂಜಿನ್ನಿನ ಮುಚ್ಚಳ ತೆಗೆದು ಒಳಗೆಲ್ಲ ಬೆಳ್ಳಗೆ ಉದುರಿಸಿದ್ದಾಳೆ, ಕಾರ್ಬ್ಯುರೇಟರಿನ ಬಟ್ಟಲಿಗೆ, ಫಿಲ್ಟರಿಗೆ, ಪೈಪಿನ ಒಂದೊಂದು ಕ್ಲಿಪ್ಪಿಗೆ, ಸೋರಿಕೆ ಕೂದಲೆಳೆಯಷ್ಟಿದ್ದರೂ ಬಿಳಿಯ ಮೇಲೆ ಕಪ್ಪಾಗಿ ಕಾಣಲೇಬೇಕು, ಅಪ್ಪನೇ ಹೇಳಿಕೊಟ್ಟ ಉಪಾಯ, ಹನಿ ಬಿದ್ದ ಜಾಗ ನೋಡ್ಬೇಡ ಪುಟ್ಟಿ, ಹುಟ್ಟಿದ ಜಾಗ ಹುಡುಕು, ಬಿದ್ದಿರೋದು ಎಲ್ಲರಿಗೂ ಕಾಣುತ್ತೆ. ಎಂಜಿನ್ ಸ್ಟಾರ್ಟ್ ಆಯಿತು, ಶೆಡ್ಡಿನ ತಗಡು ನಡುಗಿತು, ಅಮ್ಮ ಹೊರಗೆ ಹೊರಟಾಗಿನ ಪರಿಮಳ ಹೊಗೆಯಲ್ಲಿ ಬೆರೆತು ಬಂತು, ಆಫ್ ಮಾಡಿ ಟಾರ್ಚ್ ಹಿಡಿದು ಬಗ್ಗಿದಳು, ಬಟ್ಟಲು ಬೆಳ್ಳಗಿದೆ, ಫಿಲ್ಟರ್ ಬೆಳ್ಳಗಿದೆ, ಕ್ಲಿಪ್ಪುಗಳೆಲ್ಲ ಬೆಳ್ಳಗೆ, ಒಂದು ಚುಕ್ಕೆಯೂ ಇಲ್ಲ, ಇಷ್ಟು ಅಚ್ಚುಕಟ್ಟಾದ ಎಂಜಿನ್ನನ್ನು ನೋಡಿ ಯಾವತ್ತಾದರೂ ಇಷ್ಟು ಸಂಕಟವಾಗಿತ್ತೇ, ಸೋರು ಮಹರಾಯ, ಒಂದೇ ಒಂದು ತೊಟ್ಟು ಸೋರು ಎಂದು ಬೇಡಿಕೊಳ್ಳುವ ಮೆಕ್ಯಾನಿಕ್ ಲೋಕದಲ್ಲಿ ತಾನೊಬ್ಬಳೇ ಇರಬೇಕು. ತಿರುಗಿ ನೋಡಲು ಧೈರ್ಯವಿಲ್ಲ. ನೋಡದೆಯೂ ಗೊತ್ತು, ಅಪ್ಪ ಹುರಿಯ ಗಂಟಿಗೆ ಬೆರಳಿಟ್ಟಿದ್ದಾನೆ.

ಇಲ್ಲಿ ಬರ್ತಾ ಇಲ್ಲ ಪುಟ್ಟಿ, ನಂಗೂ ಬರ್ತಾ ಇಲ್ಲ, ದೋಣೀಲಿ ಮಾತ್ರ ಬರುತ್ತೆ — ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವವನ ಹಾಗೆ ಮೆಲ್ಲಗೆ ಹೇಳಿದ, ಸುಳ್ಳು ಹೇಳಿ ಬಚಾವಾಗಲೂ ಬಾರದ ಮನುಷ್ಯ, ಅವಳ ಕಣ್ಣು ತುಂಬಿತು, ದೋಣಿಯಲ್ಲಿ ಮಾತ್ರ, ದೋಣಿಯಲ್ಲಿ ಏನಿದೆ ಇಲ್ಲಿ ಇಲ್ಲದ್ದು, ಎಂಜಿನ್ ಅದೇ, ಅವನೂ ಅವನೇ, ಗಾಳಿ, ನೀರು, ಜನ — ಅವಳ ಕೈ ಪೆಟ್ರೋಲ್ ಪೈಪಿನ ಮೇಲಿತ್ತು, ಹಸಿರು ಪೈಪ್, ಹೊಸದು, ಗೋಡೆಯ ಗೂಟದಿಂದ ಇಳಿದು ಬಂದದ್ದು, ಅದರಾಚೆ ಶೆಡ್ಡಿನ ಟ್ಯಾಂಕ್. ಶೆಡ್ಡಿನ ಟ್ಯಾಂಕ್. ಯಾರ ಎಂಜಿನ್ ಬಂದರೂ ಈ ಟ್ಯಾಂಕಿಗೇ ಸಿಕ್ಕಿಸಿ ನೋಡುವುದು, ಎಲ್ಲ ಶೆಡ್ಡುಗಳಲ್ಲೂ ಹಾಗೇ, ಟ್ಯಾಂಕ್ ಯಾಕೆ ಹೊತ್ತು ತರ್ತೀರಿ, ಎಂಜಿನ್ ತಂದ್ರೆ ಸಾಕು ಎಂದು ಅವಳೇ ಎಲ್ಲರಿಗೂ ಹೇಳುವುದು, ಅಪ್ಪನಿಗೂ ಹೇಳಿದ್ದಳು. ಮೂರು ಸಲವೂ ತನ್ನ ಹಸಿರು ಪೈಪನ್ನು ತಾನೇ ಪರೀಕ್ಷೆ ಮಾಡಿಕೊಂಡಿದ್ದಾಳೆ. ಹುರಿ ಬಿಚ್ಚಬೇಡ ಅಪ್ಪ, ಎಂದಳೋ, ಎಂದುಕೊಂಡಳೋ, ದೋಣಿ ಕಟ್ಟುವ ಕಟ್ಟೆಯ ಮೆಟ್ಟಿಲಿಳಿದು ಓಡುತ್ತಿದ್ದಾಳೆ, ದೋಣಿಯ ಹಿಂದಿನ ಹಲಗೆಯ ಕೆಳಗೆ ಅಪ್ಪನ ಕೆಂಪು ಟ್ಯಾಂಕ್, ಬಿಸಿಲಿಗೆ ಬಣ್ಣ ಹೋದ ಅವನ ಪೈಪ್, ನಡುವೆ ಎಂಜಿನ್ನಿಗೆ ಪೆಟ್ರೋಲ್ ಏರಿಸಲು ಕೈಯಲ್ಲಿ ಹಿಸುಕುವ ಟೊಳ್ಳು ರಬ್ಬರ್ ಉಂಡೆ, ಎತ್ತಿ ಎದೆಗವಚಿಕೊಂಡು ಬಂದಳು.

ಉಂಡೆಗೆ ಪೌಡರ್ ಹಚ್ಚಿದಳು, ಮಗುವಿನ ಕೆನ್ನೆಗೆ ಹಚ್ಚುವ ಹಾಗೆ ಸುತ್ತಲೂ, ಎಂಜಿನ್ನಿಗೆ ಸಿಕ್ಕಿಸಿ ಹಿಸುಕಿದಳು, ಮೆತ್ತಗಿತ್ತು, ಮತ್ತೆ ಹಿಸುಕಿದಳು, ಪೆಟ್ರೋಲ್ ತುಂಬಿಕೊಂಡು ಗಟ್ಟಿಯಾಯಿತು, ಇನ್ನೂ ಒತ್ತಿದಳು, ಉಂಡೆಯ ಹೊಟ್ಟೆಯ ಕೆಳಗೆ ಬಿಳಿಯ ಮೇಲೆ ಒಂದು ಗೆರೆ ಎದ್ದಿತು, ರೆಪ್ಪೆಗೂದಲಷ್ಟು ಸಣ್ಣ, ಕಪ್ಪು, ಒದ್ದೆ, ಇದೇನು ಮಾಯೆ — ಎಂಜಿನ್ ಓಡುವಾಗ ಪೆಟ್ರೋಲನ್ನು ಅದು ಎಳೆದುಕೊಳ್ಳುತ್ತದೆ, ಆಗ ಈ ಬಿರುಕು ಗಾಳಿಯನ್ನು ಒಳಗೆ ಕುಡಿಯುತ್ತದೆ, ಎಂಜಿನ್ ನಿಂತು ಬಿಸಿಲಿಗೆ ಟ್ಯಾಂಕ್ ಉಬ್ಬಿದಾಗ ಪೆಟ್ರೋಲನ್ನು ಹೊರಗೆ ಬಿಡುತ್ತದೆ, ನೆಲಕ್ಕೆ ಬೀಳುವ ಮೊದಲೇ ಆರಿಹೋಗುತ್ತದೆ, ಕಲೆಯಿಲ್ಲ, ಗುರುತಿಲ್ಲ, ವಾಸನೆಯೊಂದೇ, ಒಳಗೆ ಹೊರಗೆ, ಒಳಗೆ ಹೊರಗೆ, ಉಸಿರಾಡುತ್ತಿತ್ತು ಇಷ್ಟು ದಿನ, ಜನ ತುಂಬಿದ ದೋಣಿಯ ಹಲಗೆಯ ಕೆಳಗೆ ಕೂತು, ಆ ಲೈಟರ್ ಹತ್ತಿದ್ದರೆ, ಅಯ್ಯೋ, ಹತ್ತಿದ್ದರೆ, ಇದನ್ನು ಕಂಡುಹಿಡಿದ ಮೂಗು ಎಂಥದ್ದು, ಯಾರೂ ನಂಬದಿದ್ದರೂ ತನ್ನನ್ನು ತಾನು ನಂಬಿಕೊಂಡ ಮೂಗು, ಅಪ್ಪ ಪೆಟ್ಟಿಗೆಯಿಂದ ಎದ್ದು ಬಂದು ಹಿಂದೆ ನಿಂತಿದ್ದಾನೆ, ಅವಳು ತಿರುಗಲಿಲ್ಲ, ನಿಂಗೂ ಬಂತಾ, ಎಂದು ಕೇಳಿದ, ಬಂತಪ್ಪ, ಎಂದಳು, ಇನ್ನೊಂದು ಸಲ ಉಂಡೆ ಒತ್ತಿದಳು, ಗೆರೆಯ ತುದಿಯಲ್ಲಿ ಹನಿ ಹುಟ್ಟಿತು, ಪೌಡರಿನ ಅಂಚು ಹಿಡಿದು ತುಂಬಿಕೊಂಡಿತು, ಅದರೊಳಗೆ ಶೆಡ್ಡಿನ ಬಾಗಿಲು, ಹೊರಗಿನ ಅಷ್ಟೂ ಬೆಳಕು, ತಲೆಕೆಳಗಾಗಿ ನಿಂತ ಅಪ್ಪ, ಅವನ ಮಣಿಕಟ್ಟಿನಲ್ಲಿ ಒಂದು ಕೆಂಪು ಚುಕ್ಕೆ, ಹನಿ ತುಂಬಿಕೊಂಡು ನಿಂತಿದೆ, ಬಾಗಿಲು, ಬೆಳಕು, ಅಪ್ಪ, ಕೆಂಪು ಚುಕ್ಕೆ, ಹನಿ ನಿಂತಿದೆ, ಬೀಳದೆ